ಕತ್ತರಿಯಮ್ಮನ ಎರಡು ಆದೇಶಗಳು

ನ್ಯಾಯಾಲಯದ ಕಟ್ಟಡದ ನೆಲಮಾಳಿಗೆಯಲ್ಲಿ, ಹಳೆಯ ಕಡತಗಳ ಕೋಣೆಗೂ ಸೈಕಲ್ಲು ನಿಲ್ಲಿಸುವ ಜಾಗಕ್ಕೂ ನಡುವೆ, ಉದ್ದನೆಯ ಒಂದು ಕೋಣೆಯಿತ್ತು. ಅದರ ಕಿಟಕಿ ತೀರಾ ಮೇಲಿದ್ದುದರಿಂದ ರಸ್ತೆಯಲ್ಲಿ ಹೋಗುವವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ ಕಾಣುತ್ತಿತ್ತು. ಮೇಲಿನ ಮಹಡಿಗಳಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ತೀರ್ಮಾನವಾದ ಮೇಲೂ ಒಂದು ಜಗಳ ಬಾಕಿ ಉಳಿದಿರುತ್ತದೆ: ಗೆದ್ದವರ ವಕೀಲರ ಖರ್ಚಿನಲ್ಲಿ ಸೋತವರು ಹೊರಬೇಕಾದದ್ದು ಎಷ್ಟು? ಆ ಜಗಳ ಮೆಟ್ಟಿಲಿಳಿದು ಈ ಕೋಣೆಗೆ ಬರುತ್ತಿತ್ತು. ಇಲ್ಲಿನ ಕುರ್ಚಿಯಲ್ಲಿ ಇಪ್ಪತ್ತೊಂದು ವರ್ಷ ಕೂತ ಹೆಂಗಸಿಗೆ ವಕೀಲರು ಇಟ್ಟ ಹೆಸರು ಕತ್ತರಿಯಮ್ಮ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ಕತ್ತರಿಯಮ್ಮ. ಅದು ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು.

ಅವಳು ಆ ಕಟ್ಟಡಕ್ಕೆ ಬಂದದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೆರಳಚ್ಚುಗಾರ್ತಿಯಾಗಿ. ದಿನವಿಡೀ ಬೇರೆಯವರ ಖರ್ಚಿನ ಪಟ್ಟಿಗಳನ್ನು ಟೈಪು ಮಾಡುತ್ತಾ ಮಾಡುತ್ತಾ, ಯಾವ ವಕೀಲ ಒಂದೇ ಕಾಗದವನ್ನು ಎರಡು ಸಲ ಓದಿದ್ದಾಗಿ ಬರೆಯುತ್ತಾನೆ, ಯಾವನು ಕಾಫಿ ಕುಡಿದ ಹೊತ್ತನ್ನೂ ‘ಸಮಾಲೋಚನೆ’ ಎನ್ನುತ್ತಾನೆ ಎಂಬುದು ಅವಳ ಬೆರಳಿಗೇ ಗೊತ್ತಾಗಿಹೋಗಿತ್ತು. ಮದುವೆಯಾಗಿ ಒಂಬತ್ತನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ, ಮದುವೆಯ ಗೊಡವೆಗೇ ಹೋಗದ ಅಕ್ಕನ ಮನೆಗೆ ಎರಡು ಪೆಟ್ಟಿಗೆ ಹಿಡಿದು ಬಂದವಳು ಅಲ್ಲೇ ಉಳಿದಳು. ಸಂಜೆಯ ಕಾಲೇಜಿನಲ್ಲಿ ಕಾನೂನು ಓದಿ, ಇಲಾಖೆಯ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿ, ಮೂವತ್ತಾರನೇ ವಯಸ್ಸಿಗೆ ಖರ್ಚು ನಿರ್ಧರಿಸುವ ಅಧಿಕಾರಿಯಾದಳು. ಆ ದಿನ ಅಕ್ಕ ಹೇಳಿದ್ದು ಇಷ್ಟೇ: “ಊರಿನೋರ ಬಿಲ್ಲಿಗೆಲ್ಲ ಕೈ ಹಾಕ್ತೀಯ, ನಮ್ಮನೆ ಕರೆಂಟ್ ಬಿಲ್ಲಿಗೂ ಏನಾದ್ರೂ ಮಾಡು.”

ಕೆಲಸದ ನಿಯಮ ಹೇಳಲು ಸುಲಭ. ಎರಡು ಜರಡಿ. ಮೊದಲನೆಯದರಲ್ಲಿ ಪಟ್ಟಿಯ ಒಂದೊಂದು ಸಾಲನ್ನೂ ಆಡಿಸಿ ನೋಡಬೇಕು: ಈ ಕೆಲಸ ಬೇಕಿತ್ತೇ, ಇಷ್ಟು ಹೊತ್ತು ಹಿಡಿಯುತ್ತದೆಯೇ, ದರ ನ್ಯಾಯವಾದದ್ದೇ? ಆಮೇಲೆ ಉಳಿದದ್ದನ್ನೆಲ್ಲ ಕೂಡಿಸಿ ಎರಡನೇ ಜರಡಿಗೆ ಹಾಕಬೇಕು: ಒಟ್ಟು ಖರ್ಚು ಆ ವ್ಯಾಜ್ಯದ ತೂಕಕ್ಕೆ ಹೊಂದುತ್ತದೆಯೇ? ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ತೂಕ ಎಂದರೇನು ಎಂದು ತಿಳಿದಿರಬೇಕು. ತನಗೆ ತಿಳಿದಿದೆ ಎಂದುಕೊಂಡೇ ಕತ್ತರಿಯಮ್ಮ ಏಳು ವರ್ಷ ಕೆಲಸ ಮಾಡಿದಳು.

ಆ ಏಳನೇ ವರ್ಷ ಅವಳ ಮೇಜಿಗೆ ಬಂದದ್ದು ಕನ್ನಡಕದ ಗಾಜು ಉಜ್ಜುವವನೊಬ್ಬನ ಪಟ್ಟಿ. ಸ್ವಂತದ ಚಿಕ್ಕ ಅಂಗಡಿ, ಸ್ವಂತದ ಯಂತ್ರ ಇಟ್ಟುಕೊಂಡಿದ್ದವನು. ಬೆನ್ನಿಗೆ ಪೆಟ್ಟಾಗಿ ವಿಮೆಯ ಹಣ ಕೇಳಿದ್ದ. ಅವನ ಬೆನ್ನುನೋವು ನಿಜವೋ ನಾಟಕವೋ ಪತ್ತೆ ಮಾಡಲು ವಿಮಾ ಕಂಪನಿ ಒಬ್ಬನನ್ನು ಕಳಿಸಿತ್ತು. ಆ ಮನುಷ್ಯ ಪಕ್ಕದ ಕಟ್ಟಡದ ತಾರಸಿ ಹತ್ತಿ, ಮೂರು ಬೆಳಗ್ಗೆ, ಕನ್ನಡಕದವನ ಹಿತ್ತಲನ್ನು ವಿಡಿಯೋ ಮಾಡಿದ. ಹಿತ್ತಲಲ್ಲಿ ಕನ್ನಡಕದವನು ಪಾರ್ಶ್ವವಾಯು ಹೊಡೆದ ಹೆಂಡತಿಗೆ ಸ್ನಾನ ಮಾಡಿಸುತ್ತಿದ್ದ. ಕಂಪನಿಯ ಕೋಣೆಯೊಂದರಲ್ಲಿ ನಾಲ್ಕು ಜನ ಕೂತು ಅದನ್ನು ನೋಡಿ, ‘ಹೆಂಡತಿಯನ್ನು ಎತ್ತುವವನಿಗೆ ಬೆನ್ನುನೋವೆಲ್ಲಿ’ ಎಂದು ಬರೆದರು. ಹೆಂಡತಿಯ ಸ್ನಾನವನ್ನು ಕದ್ದು ಚಿತ್ರಿಸಿದ್ದಕ್ಕೆ ಅವನು ಕಂಪನಿಯ ಮೇಲೆ ದಾವೆ ಹೂಡಿದ. ಗೆದ್ದ. ನೋಡಿದವರು ನಾಲ್ಕೇ ಜನ ಎಂದು ಪರಿಹಾರ ಇಪ್ಪತ್ತೈದು ಸಾವಿರಕ್ಕೆ ನಿಂತಿತು. ವಕೀಲರ ಖರ್ಚಿನ ಪಟ್ಟಿ ಎರಡು ಲಕ್ಷದ ಎಂಬತ್ತು ಸಾವಿರ.

ಕತ್ತರಿಯಮ್ಮ ಆ ಆದೇಶವನ್ನು ‘ಮೂಗಿಗಿಂತ ಮೂಗುತಿ ಭಾರವಾಗಬಾರದು’ ಎಂಬ ಮಾತಿನಿಂದ ಶುರು ಮಾಡಿದಳು. ಇಪ್ಪತ್ತೈದು ಸಾವಿರದ ವ್ಯಾಜ್ಯಕ್ಕೆ ಅರವತ್ತು ಸಾವಿರಕ್ಕಿಂತ ಹೆಚ್ಚು ಖರ್ಚು ಒಪ್ಪಲಾಗದು ಎಂದು ಬರೆದು ಮುಗಿಸಿದಳು. ಹನ್ನೊಂದು ಪುಟ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಖ್ಯ ರಿಜಿಸ್ಟ್ರಾರರು ಅದರ ಪ್ರತಿ ಮಾಡಿಸಿ ತರಬೇತಿಗೆ ಬಂದ ಹೊಸಬರಿಗೆಲ್ಲ ಹಂಚಿದರು. ಅವಳಿಗೂ ಒಳಗೊಳಗೇ ಹಿಗ್ಗು.

ಅದಾಗಿ ಐದು ವರ್ಷಕ್ಕೆ ಅವಳ ಕಣ್ಣು ಮಂಜಾಗತೊಡಗಿ, ಬಸ್ ನಿಲ್ದಾಣದ ಪಕ್ಕದ ದೊಡ್ಡ ಕನ್ನಡಕದ ಅಂಗಡಿಗೆ ಹೋದಳು. ಕೌಂಟರಿನ ಹಿಂದೆ, ಗಾಜಿನ ತಡಿಕೆಯ ಆಚೆ, ಏಳೆಂಟು ಜನ ಸಾಲಾಗಿ ಕೂತು ಕೆಲಸ ಮಾಡುತ್ತಿದ್ದರು. ಅವರಲ್ಲೊಬ್ಬ ಎದ್ದು ಬಂದು, ಬೇರೆಯವನ ಕೈಯಲ್ಲಿದ್ದ ಅವಳ ಚೀಟಿಯನ್ನು ತಾನೇ ತೆಗೆದುಕೊಂಡ. ಎರಡು ದಿನ ಬಿಟ್ಟು ಹೋದಾಗ ಅವನೇ ಕನ್ನಡಕ ತಂದು ಅವಳ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಸರಿಪಡಿಸಿ, ಅಕ್ಷರದ ಹಲಗೆ ಓದಿಸಿದ. ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕಾಣಿಸಿತು. ಆಮೇಲೆ ತಾನು ಯಾರು ಎಂದು ಹೇಳಿದ.

ಕತ್ತರಿಯಮ್ಮ ಬೈಗುಳಕ್ಕೆ ಕಾದಳು. ಆದರೆ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಕತ್ತರಿಸಿದ ಎರಡು ಲಕ್ಷ ಇಪ್ಪತ್ತು ಸಾವಿರದಲ್ಲಿ ವಕೀಲರು ಸ್ವಲ್ಪ ಬಿಟ್ಟುಕೊಟ್ಟರು, ಉಳಿದದ್ದಕ್ಕೆ ಅಂಗಡಿ ಬಿಟ್ಟು, ಯಂತ್ರ ಮಾರಬೇಕಾಯಿತು ಎಂದು, ಬೇರೆ ಯಾರದೋ ಸುದ್ದಿಯನ್ನು ಹೇಳುವವನ ಹಾಗೆ ಹೇಳಿದ. ಹೆಂಡತಿ ತೀರ್ಪು ಬರುವ ಮೊದಲೇ ಹೋಗಿಬಿಟ್ಟಿದ್ದಳು. ಆದೇಶದಲ್ಲಿ ಏನಾದರೂ ತಪ್ಪಿತ್ತೇ ಎಂದು ಕತ್ತರಿಯಮ್ಮ ಕೇಳಿದಳು. ಕೇಳಿದ ಮೇಲೆ, ಕೇಳಬಾರದಿತ್ತು ಅನಿಸಿತು.

“ಇಲ್ಲ ಮೇಡಂ. ಎರಡು ಸಲ ಓದ್ದೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ,” ಅಂದ ಅವನು, ಹಳೆಯ ಕನ್ನಡಕವನ್ನು ಡಬ್ಬಿಯೊಳಗಿಟ್ಟು ಕೊಡುತ್ತಾ. “ನನ್ನ ಹೆಂಡತಿನೂ ಇರಲಿಲ್ಲ.”

ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಬಗ್ಗೆ ಜನ ಆಡಿಕೊಳ್ಳುವ ಮಾತನ್ನು ಅವಳು ಸಾವಿರ ಸಲ ಕೇಳಿದ್ದಳು, ನಕ್ಕಿದ್ದಳು. ಆ ಸಂಜೆ ಮನೆಗೆ ಹೋಗಿ ಹನ್ನೊಂದು ಪುಟಗಳನ್ನು ಹೊಸ ಕನ್ನಡಕ ಹಾಕಿಕೊಂಡು ಓದಿದಳು. ‘ಹಿತ್ತಲು’ ಎಂಬ ಪದ ಒಂದು ಕಡೆಯಿತ್ತು. ‘ವಾದಿಯ ಪತ್ನಿ’ ಎಲ್ಲೂ ಇರಲಿಲ್ಲ. ಅಕ್ಕನಿಗೆ ಎಲ್ಲವನ್ನೂ ಹೇಳಿಕೊಂಡಳು. ಅಕ್ಕ, “ತಪ್ಪಿದ್ರೆ ತಿದ್ದಬಹುದು ಕಣೆ. ತಪ್ಪೇ ಇಲ್ಲದ್ದನ್ನ ಹೇಗೆ ತಿದ್ದೋದು?” ಅಂದಳು.

ಮುಂದಿನ ಕೆಲವು ವಾರ ಊಟದ ಬಿಡುವಿನಲ್ಲಿ ಕತ್ತರಿಯಮ್ಮ ಪಕ್ಕದ ಕಡತಗಳ ಕೋಣೆಗೆ ಹೋಗಿ ದಾವೆಗಳ ದಾಖಲೆ ಪುಸ್ತಕಗಳನ್ನು ತಿರುವಿದಳು. ತಮ್ಮ ಗುಟ್ಟು ಬಯಲಾಯಿತೆಂದು, ತಮ್ಮ ಖಾಸಗಿ ಬದುಕಿಗೆ ಯಾರೋ ಕೈ ಹಾಕಿದರೆಂದು ಸಾಮಾನ್ಯ ಜನ ಹೂಡುತ್ತಿದ್ದ ದಾವೆಗಳು ಅವಳ ಆದೇಶಕ್ಕೆ ಮೊದಲು ವರ್ಷಕ್ಕೆ ಎಂಟೋ ಒಂಬತ್ತೋ ಇದ್ದವು. ಆಮೇಲಿನ ವರ್ಷ ಮೂರು. ಅದರಾಚೆಯ ವರ್ಷ ಒಂದು. ಆಮೇಲೆ ಸೊನ್ನೆ. ಇಂಥ ವ್ಯಾಜ್ಯದಲ್ಲಿ ಸಿಗುವ ಪರಿಹಾರ ಚಿಕ್ಕದು, ಖರ್ಚು ಹುಟ್ಟುವುದಿಲ್ಲ ಎಂದು ಗೊತ್ತಾದ ಮೇಲೆ ಯಾವ ವಕೀಲ ಮುಟ್ಟುತ್ತಾನೆ? ಪುಸ್ತಕ ಮುಚ್ಚಿಟ್ಟು ಬಂದಳು. ತಾನಾಗಿ ಮಾಡಬಹುದಾದದ್ದು ಏನೂ ಇರಲಿಲ್ಲ. ಅವಳ ಕೋಣೆಗೆ ಕಾಗದ ಬಂದರೆ ಮಾತ್ರ ಅವಳು ಬರೆಯಬಹುದಿತ್ತು.

ಕಾಗದ ಬರಲು ಒಂಬತ್ತು ವರ್ಷ ಹಿಡಿಯಿತು. ಆಗ ಅವಳ ನಿವೃತ್ತಿಗೆ ಹನ್ನೊಂದು ತಿಂಗಳಿತ್ತು.

ಈ ಸಲ ವಾದಿ ಒಬ್ಬ ಅಡುಗೆಯಾಕೆ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಹದಿನಾರು ವರ್ಷದಿಂದ ಇದ್ದವಳು. ಬಹಳ ಹಿಂದೆ, ಹನ್ನೊಂದು ದಿನದ ಗಂಡುಮಗು ತೀರಿಕೊಂಡ ಮೇಲೆ, ಅವಳು ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಆರು ವಾರ ಇದ್ದು ಬಂದಿದ್ದಳು. ಅದು ಗಂಡನಿಗೆ, ತಾಯಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಕಳೆದು ಕ್ಯಾಂಟೀನಿಗೆ ಹೊಸ ಗುತ್ತಿಗೆದಾರ ಬಂದ. ಕೆಲಸದವರು ಆರೋಗ್ಯವಾಗಿದ್ದಾರೆಂದು ಒಂದು ಸಾಲಿನ ಪ್ರಮಾಣಪತ್ರ ಬೇಕೆಂದು ಅದೇ ಆಸ್ಪತ್ರೆಗೆ ಬರೆದ. ಆಸ್ಪತ್ರೆಯ ದಾಖಲೆ ವಿಭಾಗ ಅವಳ ಇಡೀ ಕಡತವನ್ನೇ, ಹತ್ತೊಂಬತ್ತು ಪುಟ, ಕಳಿಸಿಬಿಟ್ಟಿತು. ಗುತ್ತಿಗೆದಾರನ ಕಚೇರಿಯಲ್ಲಿ ಯಾರೋ ಒಂದು ಪುಟದ ಫೋಟೋ ತೆಗೆದು ಕೆಲಸದವರ ಮೊಬೈಲ್ ಗುಂಪಿಗೆ ಹಾಕಿದರು. ಗುಂಪಿನಲ್ಲಿ ನಲವತ್ತಮೂರು ಜನ.

ಮಾರನೇ ದಿನ ಮೇಲ್ವಿಚಾರಕ ಅವಳ ಕೈಗೆ ಚಾಕು ಕೊಡಬೇಡಿ ಎಂದ. ತರಕಾರಿ ಹೆಚ್ಚುವವಳನ್ನು ಪಾತ್ರೆ ತೊಳೆಯಲು ಹಾಕಿದರು. ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಹದಿಮೂರು ವರ್ಷದ ಮಗಳು, ತನಗೊಬ್ಬ ತಮ್ಮನಿದ್ದ ಎಂಬುದನ್ನು ಪಕ್ಕದ ಮನೆಯವರ ಮೊಬೈಲಿನಲ್ಲಿ ಓದಿ ತಿಳಿದುಕೊಂಡಳು.

ದಾವೆ ಇಪ್ಪತ್ತಾರು ತಿಂಗಳು ನಡೆಯಿತು. ಆಸ್ಪತ್ರೆ ಮೊದಲು, ನಾವು ಕಡತ ಕಳಿಸಿಯೇ ಇಲ್ಲ ಎಂದಿತು. ಆಮೇಲೆ, ಕಳಿಸಿದ್ದೇವೆ, ಆದರೆ ಆಕೆಯ ಒಪ್ಪಿಗೆ ಪಡೆದು ಎಂದಿತು. ಹಾಜರುಪಡಿಸಿದ ಒಪ್ಪಿಗೆ ಪತ್ರ ನೋಡಿದರೆ ಎಂದೋ ಎಕ್ಸ್‌ರೇ ತೆಗೆಸಿಕೊಂಡಾಗ ಸಹಿ ಹಾಕಿದ್ದು. ನಂತರ ಕಂಪ್ಯೂಟರಿನ ದಾಖಲೆ ಎಂದು ನಾಲ್ಕು ಸಾವಿರ ಪುಟಗಳನ್ನು, ತಲೆಬುಡ ಗೊತ್ತಾಗದ ಹಾಗೆ, ಪೆಟ್ಟಿಗೆಗಳಲ್ಲಿ ತಂದು ಸುರಿಯಿತು. ವಿಚಾರಣೆಗೆ ಎಂಟು ದಿನ ಇದೆ ಅನ್ನುವಾಗ ತಪ್ಪು ಒಪ್ಪಿಕೊಂಡಿತು. ನ್ಯಾಯಾಧೀಶರು ಅರವತ್ತು ಸಾವಿರ ಪರಿಹಾರ ಕೊಡಿಸಿ, ಆಸ್ಪತ್ರೆ ಲಿಖಿತ ಕ್ಷಮೆ ಕೇಳಬೇಕೆಂದರು. ಅಡುಗೆಯಾಕೆಯ ವಕೀಲ ಕೊಟ್ಟ ಖರ್ಚಿನ ಪಟ್ಟಿ ಏಳು ಲಕ್ಷದ ನಲವತ್ತು ಸಾವಿರ.

ನೆಲಮಾಳಿಗೆಯ ಕೋಣೆಯಲ್ಲಿ ವಾದ ಶುರುವಾದ ದಿನ ಆಸ್ಪತ್ರೆಯ ವಕೀಲರು, ನರೆಗೂದಲಿನ, ಮೆತ್ತಗಿನ ಮಾತಿನ ಮನುಷ್ಯ, ಎದ್ದು ನಿಂತರು. ಅಡುಗೆಯಾಕೆಯ ವಕೀಲ ಇನ್ನೂ ಯುವಕ. ಬೆವರು ಒರೆಸಿಕೊಳ್ಳುತ್ತಾ ಕೂತಿದ್ದ. ಸಾಮಾನ್ಯವಾಗಿ ಖರ್ಚಿನ ವಾದಕ್ಕೆ ಕಕ್ಷಿದಾರರು ಬರುವುದಿಲ್ಲ. ಅಂದು ಹಿಂದಿನ ಬೆಂಚಿನ ತುದಿಯಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಅಡುಗೆಯಾಕೆ ಬಂದು ಕೂತಿದ್ದಳು.

ಆಸ್ಪತ್ರೆಯ ವಕೀಲರು ಎರಡು ವಿಷಯ ಎತ್ತಿದರು. ಒಂದು, ಸಿಕ್ಕ ಪರಿಹಾರದ ಹನ್ನೆರಡು ಪಟ್ಟು ಖರ್ಚು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗಾಯಿತು. ಇನ್ನೊಂದು, ದಾವೆಯ ಇಪ್ಪತ್ತನೇ ತಿಂಗಳಲ್ಲಿ ಆಸ್ಪತ್ರೆ ಎಂಬತ್ತು ಸಾವಿರ ಕೊಡುತ್ತೇವೆಂದು ಲಿಖಿತವಾಗಿ ಹೇಳಿತ್ತು. ವಾದಿ ಬೇಡವೆಂದಳು, ಕೊನೆಗೆ ಅರವತ್ತಕ್ಕೆ ಬಂದು ನಿಂತಳು. ಹಾಗಿದ್ದ ಮೇಲೆ ಆಮೇಲಿನ ಆರು ತಿಂಗಳ ಖರ್ಚು ಆಕೆಯ ಹಟದ ಖರ್ಚಲ್ಲವೇ? ಇಷ್ಟು ಹೇಳಿ, ಕಡತದಿಂದ ಹಳೆಯ ಹಾಳೆಗಳನ್ನು ತೆಗೆದು, ಹದಿನಾಲ್ಕು ವರ್ಷದ ಹಿಂದೆ ಇದೇ ಕೋಣೆಯಿಂದ ಹೊರಟ ಆದೇಶ ಎಂದು ಓದತೊಡಗಿದರು: “ಮೂಗಿಗಿಂತ ಮೂಗುತಿ ಭಾರವಾಗಬಾರದು.”

ಕೋಣೆಯಲ್ಲಿದ್ದ ಇಬ್ಬರು ಕಿರಿಯ ವಕೀಲರು ಕತ್ತರಿಯಮ್ಮನ ಮುಖ ನೋಡಿದರು. ಆಕೆ ಆ ಮಾತು ಪೂರ್ತಿ ಓದಿ ಮುಗಿಯುವವರೆಗೆ ಕಾದಳು. ಆಮೇಲೆ, ಎರಡೂ ಕಡೆಯವರಿಗೆ ಒಂದು ಸಂಗತಿ ತಿಳಿದಿರಬೇಕು ಎಂದು, ಆ ಆದೇಶ ತನ್ನದೇ ಎಂಬುದನ್ನೂ, ಆ ವ್ಯಾಜ್ಯದ ವಾದಿಯನ್ನು ತಾನು ಆಮೇಲೊಮ್ಮೆ ಕನ್ನಡಕದ ಅಂಗಡಿಯಲ್ಲಿ ಕಂಡದ್ದನ್ನೂ, ಅವನು ಹೇಳಿದ್ದನ್ನೂ, ಏನೊಂದನ್ನೂ ಮುಚ್ಚಿಡದೆ ಹೇಳಿದಳು. ಇದರಿಂದ ತನ್ನ ಮನಸ್ಸು ಒಂದು ಕಡೆಗೆ ವಾಲಿದೆ ಎಂದು ಯಾರಿಗಾದರೂ ಅನಿಸಿದರೆ ಕಡತವನ್ನು ಬೇರೆ ಅಧಿಕಾರಿಗೆ ಕಳಿಸುವುದಾಗಿಯೂ ಹೇಳಿದಳು. ಆಸ್ಪತ್ರೆಯ ವಕೀಲರು ಹೊರಗೆ ಹೋಗಿ ಫೋನು ಮಾಡಿ ಬಂದು, ತಮ್ಮ ಕಕ್ಷಿದಾರರದು ಆಕ್ಷೇಪಣೆಯಿಲ್ಲ ಎಂದರು. ಮೂಗುತಿಯ ಆದೇಶ ಬರೆದವಳೇ ಕುರ್ಚಿಯಲ್ಲಿದ್ದರೆ ಒಳ್ಳೆಯದೇ ಎಂದು ಅವರಿಗೆ ಅನಿಸಿರಬೇಕು.

ಅಂದು ಸಂಜೆಯವರೆಗೂ ಮೊದಲ ಜರಡಿ ನಡೆಯಿತು. ಆ ಕೆಲಸದಲ್ಲಿ ಕತ್ತರಿಯಮ್ಮನ ಕೈ ಒಂದಿಷ್ಟೂ ಮೆತ್ತಗಾಗಲಿಲ್ಲ. ಒಂದು ಸಣ್ಣ ಅರ್ಜಿಯ ದಿನ ಮೂವರು ವಕೀಲರು ಯಾಕೆ ಬಂದಿದ್ದರು ಎಂದು ಕೇಳಿದಳು. ಒಬ್ಬನ ಖರ್ಚು ಮಾತ್ರ ಉಳಿಸಿದಳು. ಜೆರಾಕ್ಸಿನ ಹಣ ಎರಡು ಕಡೆ ಸೇರಿಕೊಂಡಿತ್ತು, ಒಂದು ಹೋಯಿತು. ಹಿರಿಯ ವಕೀಲರೊಬ್ಬರ ಜೊತೆ ಅದೇ ವಿಷಯಕ್ಕೆ ಎರಡನೇ ಸಲ ಸಮಾಲೋಚನೆ, ಅದೂ ಹೋಯಿತು. ಪತ್ರಿಕೆಯವನ ಜೊತೆ ಮಾತಾಡಿದ ಹದಿನಾಲ್ಕು ಗಂಟೆ ಎಂಬ ಸಾಲಿಗೆ ಬಂದಾಗ ಅವಳು ಕನ್ನಡಕ ತೆಗೆದು ಯುವ ವಕೀಲನನ್ನೇ ನೋಡಿದಳು. ತನ್ನ ಗುಟ್ಟು ಬೀದಿಗೆ ಬಿತ್ತೆಂದು ಅಳುತ್ತಾ ಬಂದ ಹೆಂಗಸಿನ ಕಥೆಯನ್ನು ಹದಿನಾಲ್ಕು ಗಂಟೆ ಪತ್ರಿಕೆಯವನಿಗೆ ಹೇಳಿದಿರಾ ಎಂದು ಕೇಳಿದಳು. ಅವನ ಮುಖ ಹುಳ್ಳಗಾಯಿತು. ಆಕೆಯನ್ನು ಕೇಳಿಯೇ ಮಾತಾಡಿದ್ದೆ, ಹೆಸರು ಕೊಟ್ಟಿಲ್ಲ ಎಂದ. ಇರಬಹುದು, ಆದರೆ ಆಸ್ಪತ್ರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಗೆರೆ ಎಳೆದಳು. ಕಡಿದ ಸಾಲುಗಳೆಲ್ಲ ವಕೀಲನ ತಪ್ಪು, ವಾದಿಯ ತಪ್ಪಲ್ಲ. ಆ ಹಣ ಯಾರ ತಲೆಗೆ ಬೀಳಬೇಕೆಂದು ಹೇಳುವ ಅಧಿಕಾರ ತನಗಿಲ್ಲ, ಕೇಳಿಸಿಕೊಳ್ಳುವ ಕಿವಿ ವಕೀಲರಿಗಿದ್ದರೆ ಸಾಕು ಎಂದೂ ಸೇರಿಸಿದಳು.

ದಿನ ಮುಗಿಯುವ ಹೊತ್ತಿಗೆ ಏಳು ಲಕ್ಷದ ನಲವತ್ತು ಸಾವಿರ, ಐದು ಲಕ್ಷದ ಎಪ್ಪತ್ತೆರಡು ಸಾವಿರಕ್ಕೆ ಇಳಿದಿತ್ತು. ಎಲ್ಲರೂ ಕಾಗದ ಜೋಡಿಸಿಕೊಳ್ಳುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಅಡುಗೆಯಾಕೆ ಎದ್ದು ನಿಂತಳು. ಅವಳ ವಕೀಲ ಕೈಸನ್ನೆ ಮಾಡಿ ಕೂರಿಸಲು ನೋಡಿದ. ಆಕೆ ಮಾತಾಡಬಹುದೇ ಎಂದು ಕತ್ತರಿಯಮ್ಮ ಆಸ್ಪತ್ರೆಯ ವಕೀಲರನ್ನು ಕೇಳಿದಳು. ಅವರೂ ಆಗಲಿ ಎಂದು ತಲೆಯಾಡಿಸಿದರು.

“ಮೇಡಂ, ಇವರೆಲ್ಲ ಖರ್ಚು ಜಾಸ್ತಿ ಆಯ್ತು ಅಂತಾರೆ. ಇರಬಹುದು. ನಂಗೆ ಅಷ್ಟು ದುಡ್ಡು ಒಟ್ಟಿಗೆ ನೋಡೇ ಗೊತ್ತಿಲ್ಲ,” ಅಂದಳು ಅಡುಗೆಯಾಕೆ. “ಆದ್ರೆ ಒಂದು ಹೇಳಿ. ನಾನು ಎಲ್ಲಿ ನಿಲ್ಲಿಸಬೇಕಿತ್ತು?”

ಕತ್ತರಿಯಮ್ಮ, ಎಂಬತ್ತು ಸಾವಿರ ಕೊಡುತ್ತೇವೆಂದಾಗ ಯಾಕೆ ಒಪ್ಪಲಿಲ್ಲ ಎಂದು ಮೆಲ್ಲಗೆ ಕೇಳಿದಳು.

“ಅವರು ಕ್ಷಮೆ ಕೇಳಲ್ಲ ಅಂದ್ರು. ತಪ್ಪು ಮಾಡಿದೀವಿ ಅಂತಾನೂ ಹೇಳಲ್ಲ. ದುಡ್ಡು ತಗೊಂಡು ಇನ್ಮೇಲೆ ಈ ವಿಷಯ ಬಾಯಿ ಬಿಡಬಾರದು ಅಂತ ಸಹಿ ಹಾಕು ಅಂದ್ರು.” ಅವಳು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು. “ಹನ್ನೆರಡು ವರ್ಷ ನಾನು ಬಾಯಿ ಮುಚ್ಕೊಂಡೇ ಇದ್ದೆ ಮೇಡಂ. ಬಾಯಿ ಬಿಟ್ಟೋರು ಅವರು.”

ಇಷ್ಟು ಹೇಳಿ ಕೂತುಬಿಟ್ಟಳು. ಆಸ್ಪತ್ರೆಯ ವಕೀಲರು ತಮ್ಮ ಕಾಗದಗಳನ್ನೇ ನೋಡುತ್ತಿದ್ದರು.

ಆದೇಶ ಬರೆಯಲು ಕತ್ತರಿಯಮ್ಮನಿಗೆ ಮೂರು ದಿನ ಬೇಕಾಯಿತು. ದೊಡ್ಡ ಹಾಳೆಯೊಂದರ ಮೇಲೆ ಇಪ್ಪತ್ತಾರು ತಿಂಗಳ ತಾರೀಕುಗಳನ್ನು ಬರೆದುಕೊಂಡು, ಒಂದೊಂದರ ಮುಂದೆಯೂ ಅಡುಗೆಯಾಕೆಯ ಪ್ರಶ್ನೆಯನ್ನೇ ಇಟ್ಟು ನೋಡಿದಳು. ಕಳಿಸಿಯೇ ಇಲ್ಲ ಎಂದು ಆಸ್ಪತ್ರೆ ಹೇಳಿದ ದಿನ ನಿಲ್ಲಿಸಬಹುದಿತ್ತೇ? ನಿಲ್ಲಿಸಿದ್ದರೆ ಅವಳು ಸುಳ್ಳಿ ಎಂದಾಗುತ್ತಿತ್ತು. ಎಕ್ಸ್‌ರೇಯ ಸಹಿ ತೋರಿಸಿದ ದಿನ? ಆಗಲೂ ಅಷ್ಟೇ. ನಾಲ್ಕು ಸಾವಿರ ಪುಟ ಓದುವುದಕ್ಕೇ ಎರಡು ಲಕ್ಷದ ಹತ್ತು ಸಾವಿರ ಹಿಡಿದಿತ್ತು. ಯಾರು ಯಾವ ಹೊತ್ತಿಗೆ ಕಡತ ಕಳಿಸಿದರೆಂಬ ಒಂದೇ ಒಂದು ಸಾಲು ಮೂರು ಸಾವಿರ ದಾಟಿದ ಮೇಲಿನ ಒಂದು ಪುಟದಲ್ಲಿ ಸಿಕ್ಕಿತ್ತು. ಆಸ್ಪತ್ರೆ ತಪ್ಪು ಒಪ್ಪಿದ್ದು ಆ ಸಾಲು ಸಿಕ್ಕಿದ ಮೇಲೆ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಆಡಿಕೊಳ್ಳುವುದು ಸುಲಭ. ಇಲಿಯ ಮೇಲೆ ಬೆಟ್ಟ ತಂದು ಹೇರಿದವರು ಯಾರು? ಆ ಖರ್ಚು ವಾದಿ ಮಾಡಿದ್ದಲ್ಲ, ಪ್ರತಿವಾದಿ ಮಾಡಿಸಿದ್ದು ಎಂದು ಬರೆದಳು.

ಎಂಬತ್ತು ಸಾವಿರದ ಪತ್ರದ ಮುಂದೆ ಒಂದು ಇಡೀ ಮಧ್ಯಾಹ್ನ ಕೂತಳು. ನಿಯಮ ಅಲ್ಲಿ ಆಸ್ಪತ್ರೆಯ ಕಡೆಗೇ ಇದ್ದಂತೆ ಕಾಣುತ್ತಿತ್ತು. ಬಂದದ್ದಕ್ಕಿಂತ ಹೆಚ್ಚು ಕೊಡುತ್ತೇವೆಂದರೂ ಒಲ್ಲೆನೆಂದವಳು ಅಡುಗೆಯಾಕೆ. ಆದರೆ ಆ ಪತ್ರವನ್ನೂ ತೀರ್ಪನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದರಲ್ಲಿ ಹಣ ಹೆಚ್ಚಿತ್ತು, ಇನ್ನೊಂದರಲ್ಲಿ ತಪ್ಪೊಪ್ಪಿಗೆಯೂ ಕ್ಷಮೆಯೂ ಇದ್ದವು. ಅವಳು ಕೋರ್ಟಿಗೆ ಬಂದದ್ದು ಎರಡನೆಯದಕ್ಕೆ. ಕೇಳಿದ್ದು ಪತ್ರದಲ್ಲಿ ಇಲ್ಲದಿದ್ದಾಗ ಬೇಡವೆಂದದ್ದು ಹಟವಲ್ಲ ಎಂದು ಬರೆದಳು. ಹಾಗೆಂದು ಎಲ್ಲವನ್ನೂ ಒಪ್ಪಲಿಲ್ಲ. ಆಸ್ಪತ್ರೆ ತಪ್ಪೊಪ್ಪಿದ ಮೇಲೂ, ಒಪ್ಪಿದ ವಿಷಯದ ಮೇಲೇ ಯುವ ವಕೀಲ ಎಂಟು ದಿನ ಸಾಕ್ಷಿಗಳ ತಯಾರಿ ನಡೆಸಿದ್ದ. ಆ ಐವತ್ತೆರಡು ಸಾವಿರ ಹೊಡೆದುಹಾಕಿದಳು. ಉಳಿದದ್ದು ಐದು ಲಕ್ಷದ ಇಪ್ಪತ್ತು ಸಾವಿರ. ಪರಿಹಾರದ ಎಂಟು ಪಟ್ಟಿಗೂ ಹೆಚ್ಚು. ಇದು ಈ ವ್ಯಾಜ್ಯದ ತೂಕಕ್ಕೆ ಹೊಂದುತ್ತದೆ ಎಂದು ಬರೆದು, ಯಾಕೆಂಬುದನ್ನು ಆರು ಪುಟ ವಿವರಿಸಿದಳು. ಆ ಪುಟಗಳಲ್ಲಿ ಚಾಕು ಕಿತ್ತುಕೊಂಡದ್ದೂ ಮಗಳು ಮೊಬೈಲಿನಲ್ಲಿ ಓದಿದ್ದೂ ಇದ್ದವು. ಮಗುವಿನ ವಿಷಯ, ಕಾಯಿಲೆಯ ವಿಷಯ, ಎಷ್ಟು ಅಗತ್ಯವೋ ಅಷ್ಟೇ, ಒಂದು ಸಾಲು.

ಕೊನೆಗೆ ಹಳೆಯ ಆದೇಶ. ಅದರ ಬಗ್ಗೆ ನಾಲ್ಕು ವಾಕ್ಯ ಬರೆದಳು. ಆ ವ್ಯಾಜ್ಯದಲ್ಲಿ ತಾನು ಮೊದಲು ಪರಿಹಾರದ ಮೊತ್ತ ನೋಡಿದೆ, ಉಳಿದದ್ದನ್ನೆಲ್ಲ ಅದರ ಅಳತೆಗೆ ಕುಗ್ಗಿಸಿದೆ. ಕಳೆದುಕೊಂಡದ್ದು ಏನೆಂದು ಕೇಳಲಿಲ್ಲ. ಅದು ತಪ್ಪಾಗಿತ್ತು. ಅದನ್ನು ಈಗ ಅನುಸರಿಸುವುದಿಲ್ಲ.

ಕರಡು ಓದಿದ ಮುಖ್ಯ ರಿಜಿಸ್ಟ್ರಾರರು ಅವಳನ್ನು ಕರೆಸಿದರು. ಹಿಂದಿನವರು ಹೋಗಿ ಇವರು ಬಂದು ನಾಲ್ಕು ವರ್ಷವಾಗಿತ್ತು. ಒಳ್ಳೆಯ ಮನುಷ್ಯ. ‘ತಪ್ಪಾಗಿತ್ತು’ ಎಂಬುದನ್ನು ತೆಗೆದು ‘ಈ ಸಂದರ್ಭಕ್ಕೆ ಅನ್ವಯವಾಗದು’ ಎಂದು ಹಾಕಿದರೆ ಕೆಲಸ ಆಗುತ್ತದಲ್ಲ, ನಿವೃತ್ತಿ ಹತ್ತಿರ ಇರುವಾಗ ನಿಮ್ಮ ಮೇಲೇ ಯಾಕೆ ಕಲ್ಲು ಹಾಕಿಕೊಳ್ಳುತ್ತೀರಿ, ಇದನ್ನು ಹಿಡಿದು ಹಳೆಯ ಕಕ್ಷಿದಾರರೆಲ್ಲ ಬಾಗಿಲಿಗೆ ಬಂದರೆ ಏನು ಗತಿ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕತ್ತರಿಯಮ್ಮ ಕೇಳಿಸಿಕೊಂಡಳು.

“ಅನ್ವಯ ಆಗುತ್ತೆ ಸರ್,” ಅಂದಳು. “ಆಗೋದರಿಂದಲೇ ತಪ್ಪಾಗಿತ್ತು ಅಂತ ಬರೀಬೇಕು.”

ಅವರು ಕರಡನ್ನು ಹಿಂದಕ್ಕೆ ಕೊಟ್ಟರು. ಆದೇಶ ಹಾಗೆಯೇ ಹೊರಟಿತು.

ಆಸ್ಪತ್ರೆ ಮೇಲ್ಮನವಿಗೆ ಹೋಯಿತು. ಐದು ತಿಂಗಳಾದ ಮೇಲೆ ಮೇಲಿನ ಮಹಡಿಯ ನ್ಯಾಯಾಧೀಶರು ತೀರ್ಪು ಕೊಟ್ಟರು. ಪುಟ ಓದಿದ ಖರ್ಚಿನಲ್ಲಿ ಇನ್ನೂ ಮೂವತ್ತೈದು ಸಾವಿರ ಇಳಿಸಿದರು. ಅಷ್ಟು ಜನ ಸೇರಿ ಓದಬೇಕಿರಲಿಲ್ಲ ಎಂದರು. ಅಧಿಕಾರಿ ತನ್ನ ಹಳೆಯ ಆದೇಶದ ಬಗ್ಗೆ ಬರೆದ ನಾಲ್ಕು ವಾಕ್ಯ ಅನಗತ್ಯವಾಗಿತ್ತು ಎಂದೂ ಬರೆದರು. ಆದರೆ ಮುಖ್ಯವಾದ ಮಾತನ್ನು ಎತ್ತಿಹಿಡಿದರು: ಮಾನ, ಗುಟ್ಟು, ಮನಸ್ಸು ಇವುಗಳಿಗೆ ಸಂಬಂಧಪಟ್ಟ ದಾವೆಯ ತೂಕವನ್ನು ಪರಿಹಾರದ ಹಣದಿಂದ ಮಾತ್ರ ಅಳೆಯಲಾಗದು. ‘ಅನಗತ್ಯ’ ಎಂಬ ಪದ ಓದಿ ಕತ್ತರಿಯಮ್ಮನಿಗೆ ಕಸಿವಿಸಿಯಾಯಿತು. ಸಂಜೆ ಅಕ್ಕನಿಗೆ ಹೇಳಿದರೆ ಅಕ್ಕ, ಮೂವತ್ತೈದು ಸಾವಿರ ಕತ್ತರಿಸಿದ್ದಾರಲ್ಲ, ಆ ನ್ಯಾಯಾಧೀಶರಿಗೂ ಒಂದು ಅಡ್ಡಹೆಸರು ಇಡು ಎಂದಳು. ಇಬ್ಬರೂ ಬಹಳ ದಿನದ ಮೇಲೆ ನಕ್ಕರು.

ಕಡಿತವಾದ ಹಣದಲ್ಲಿ ಒಂದು ಬಿಡಿಗಾಸನ್ನೂ ಕಕ್ಷಿದಾರಳಿಂದ ಕೇಳುವುದಿಲ್ಲ ಎಂದು ಯುವ ವಕೀಲ ಬರೆದು ಸಹಿ ಹಾಕಿದ ಕಾಗದದ ಪ್ರತಿಯೊಂದು ಒಂದು ದಿನ ಕತ್ತರಿಯಮ್ಮನ ಮೇಜಿಗೆ ಬಂತು. ಅದನ್ನು ಕಡತಕ್ಕೆ ಸೇರಿಸಬೇಕಾದ ಅಗತ್ಯವಿರಲಿಲ್ಲ, ಸೇರಿಸಿದಳು. ಎಲ್ಲ ಮುಗಿದು, ಇನ್ನು ಯಾರೂ ಆಕ್ಷೇಪಿಸುವಂತಿಲ್ಲ ಎಂದಾದ ಮೇಲೆ, ತನ್ನ ಆದೇಶದ ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಬಸ್ ನಿಲ್ದಾಣದ ಪಕ್ಕದ ಕನ್ನಡಕದ ಅಂಗಡಿಯ ವಿಳಾಸಕ್ಕೆ ಕಳಿಸಿದಳು. ಜೊತೆಗೆ ಒಂದು ಸಾಲು ಬರೆಯಲು ಕೂತು, ನಾಲ್ಕು ಹಾಳೆ ಹರಿದು, ಏನೂ ಬರೆಯದೆ ಕಳಿಸಿದಳು. ಉತ್ತರ ಬರಲಿಲ್ಲ. ತಿಂಗಳಾದ ಮೇಲೆ ಕನ್ನಡಕದ ಸ್ಕ್ರೂ ಸಡಿಲವಾಗಿ ಹೋದಾಗ, ಅಂದು ಅವನು ರಜೆಯಲ್ಲಿದ್ದ. ಲಕೋಟೆ ತಲುಪಿತು, ಒಡೆದು ನೋಡಿ ಊಟದ ಚೀಲದಲ್ಲಿ ಇಟ್ಟುಕೊಂಡ, ಅದಕ್ಕಿಂತ ಹೆಚ್ಚು ತನಗೆ ಗೊತ್ತಿಲ್ಲ ಎಂದು ಅಂಗಡಿಯ ಯಜಮಾನ ಹೇಳಿದ. ಆ ಯಂತ್ರವನ್ನೂ ಅಂಗಡಿಯನ್ನೂ ಅವಳು ಮರಳಿಸುವಂತಿರಲಿಲ್ಲ. ಅದು ಅವಳ ಜೊತೆಗೇ ಉಳಿಯುವಂಥದ್ದು.

ಆ ವರ್ಷ ದಾಖಲೆ ಪುಸ್ತಕದಲ್ಲಿ ಅಂಥ ನಾಲ್ಕು ದಾವೆಗಳು ಹೊಸದಾಗಿ ಬಿದ್ದವು. ಒಬ್ಬ ಬಸ್ ಕಂಡಕ್ಟರ್, ಒಬ್ಬ ವಿದ್ಯಾರ್ಥಿನಿಯ ತಂದೆ, ಇಬ್ಬರು ಬಾಡಿಗೆದಾರರು. ಯಾರು ಗೆಲ್ಲುತ್ತಾರೋ ಯಾರು ಸೋಲುತ್ತಾರೋ ಅವಳಿಗೆ ಗೊತ್ತಾಗುವ ಮೊದಲೇ ನಿವೃತ್ತಿಯ ದಿನ ಬರುವುದರಲ್ಲಿತ್ತು.

ಕೊನೆಯ ವಾರದಲ್ಲಿ ಒಂದು ಬೆಳಗ್ಗೆ, ನಕಲು ಪ್ರತಿ ಕೊಡುವ ಕಿಟಕಿಯ ಮುಂದಿನ ಸಾಲಿನಲ್ಲಿ ಅಡುಗೆಯಾಕೆ ನಿಂತಿದ್ದಳು. ಈಗ ಬೇರೊಂದು ಕಡೆ, ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಎಂದಳು. ಆಸ್ಪತ್ರೆಯ ಕ್ಷಮಾಪಣೆ ಪತ್ರ ಬಂದಿತ್ತು. ಬರೀ ಮೂರು ಸಾಲು. ಅಷ್ಟಕ್ಕೆ ಇಷ್ಟು ದಿನ ಯಾಕೆ ಹಿಡಿಯಿತೋ ಎಂದು ಅವಳಿಗೆ ಈಗಲೂ ಅರ್ಥವಾಗಿರಲಿಲ್ಲ. ಅದನ್ನು ಮಗಳ ಕೈಗೆ ಕೊಟ್ಟಿದ್ದಳಂತೆ. ಮಗಳು ಓದಿ, ಮಡಿಚಿ, ಎರಡು ದಿನ ತನ್ನ ಪುಸ್ತಕದೊಳಗೆ ಇಟ್ಟುಕೊಂಡಿದ್ದಳಂತೆ.

“ಆಮೇಲೆ ಅವಳೇ ಬಂದು ಕೇಳಿದ್ಲು ಮೇಡಂ. ತಮ್ಮನಿಗೆ ಹೆಸರಿಟ್ಟಿದ್ರಾ ಅಂತ. ಅಷ್ಟು ವರ್ಷದಲ್ಲಿ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಹೇಳಿದೆ.”

ಸಾಲು ಮುಂದಕ್ಕೆ ಸರಿಯಿತು. ಕಿಟಕಿಯ ಹಿಂದಿನ ಗುಮಾಸ್ತ ಅವಳ ಚೀಟಿ ಕೇಳಿದ. ಆ ಹೆಸರು ಏನೆಂದು ಕತ್ತರಿಯಮ್ಮ ಕೇಳಲಿಲ್ಲ. ಪ್ರತಿಯ ಮೇಲೆ ಮೊಹರು ಬೀಳುವವರೆಗೂ ಅವಳ ಪಕ್ಕದಲ್ಲಿ ನಿಂತಿದ್ದು, ಆಮೇಲೆ ಮೆಟ್ಟಿಲಿಳಿದು ತನ್ನ ಕೋಣೆಗೆ ಹೋದಳು.